ಬಿ3 ಆಡಿಯೇ ಗೆದ್ದೆ

ಚೆಸ್‌ನಲ್ಲಿ ಬಿಳಿ ಕಾಯಿ ಹಿಡಿದು ಮೊದಲ ನಡೆಯಲ್ಲೇ ಬಿ3, ಅಂದರೆ ಬಿ ಸಾಲಿನ ಪಾನನ್ನು (ಸಿಪಾಯಿ) ಮೂರನೇ ಮನೆಗೆ ತಳ್ಳಿದರೆ ನಮ್ಮ ಕ್ಲಬ್ಬಿನಲ್ಲಿ ನಗುತ್ತಿದ್ದರು. "1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಲಾರ್ಸನ್‌ನನ್ನೇ ಆಗಿನ ವಿಶ್ವ ಚಾಂಪಿಯನ್ ಸ್ಪಾಸ್ಕಿ ಬಿ3 ಎದುರು 17 ನಡೆಗೆ ಮುಗಿಸಿದ, ನಿಂದೇನು ಮಾರಾಯ?" ಅಂತ. ಅದೇ ವರ್ಷ ಸ್ಪೇನಿನ ಪಾಲ್ಮಾದಲ್ಲಿ ಅಮೆರಿಕದ ಬಾಬಿ ಫಿಷರ್ ಇದೇ ಬಿ3 ಇಟ್ಟು ಬ್ರೆಜಿಲಿನ ಮೆಕಿಂಗ್‌ನನ್ನು ಸೋಲಿಸಿದ್ದು ಯಾರಿಗೂ ನೆನಪಾಗಲ್ಲ. ಬೆಲ್‌ಗ್ರೇಡ್‌ನ ಆ ಆಟದಲ್ಲಿ ಡೆನ್ಮಾರ್ಕಿನ ಲಾರ್ಸನ್ ಮೂರನೇ ನಡೆಗೆ ಸಿ4 ಆಡಿ, ಆಮೇಲೆ ಎಫ್3ಗೆ ಕುದುರೆ ತಂದ. ಸ್ಪಾಸ್ಕಿಯ ಪಾನ್ ಇ4ಗೆ ಬಂತು, ಕುದುರೆ ಓಡಿತು. ನಾನು ಮೂರನೇ ನಡೆಗೆ ಇ3 ಆಡುತ್ತೇನೆ. ಎಲ್ಲ ವ್ಯತ್ಯಾಸ ಅಲ್ಲೇ.

ಬಿ3 ಹಿಡಿದು ಟೂರ್ನಿಗಳಿಗೆ ಹೋದ ಮೊದಲ ವರ್ಷ ದುಡ್ಡು ನೀರಿನಂತೆ ಹೋಯಿತು. ಎಂಟ್ರಿ ಫೀ ಎರಡು ಸಾವಿರದ ಹತ್ತಿರ. ಬಸ್ಸು, ಲಾಡ್ಜು, ಊಟ ಸೇರಿದರೆ ಒಂದು ಟೂರ್ನಿಗೆ ಐದಾರು ಸಾವಿರ. ರೇಟಿಂಗ್ (ಆಟಗಾರನ ಬಲ ತೋರುವ ಅಂಕ) 60 ಪಾಯಿಂಟ್ ಇಳಿದಿರಬೇಕು. ಕಪ್ಪಿನವರು ಡಿ5 ಆಡಿ ಬಿಷಪ್ಪನ್ನು (ಒಂಟೆ) ಜಿ4ಗೆ ತಂದರೆ ನನ್ನ ಆಟ ಸಪ್ಪೆ. ಈಗ ತಕ್ಷಣ ಎಚ್3 ಆಡಿ, ಕೊಲ್ತೀಯೋ ಹೋಗ್ತೀಯೋ ಅಂತ ಕೇಳಿಬಿಡುತ್ತೇನೆ. ನಡುವೆ ಭಾನುವಾರದ ರ‍್ಯಾಪಿಡ್‌ಗಳಲ್ಲಿ (ಬೇಗ ಮುಗಿಯುವ ಆಟಗಳು) ಮೊದಲ ನಡೆಗೆ ಬಿ4 ಕೂಡ ಆಡಿ ನೋಡಿದೆ. ಮಜಾ ಇದೆ, ಆದರೆ ಆ ಪಾನ್ ಕಾಯೋದೇ ಒಂದು ಕೆಲಸ.

ಫಲ ಸಿಕ್ಕಿದ್ದು ಮಂಗಳೂರಿನ ಒಂದು ರೇಟಿಂಗ್ ಓಪನ್‌ನಲ್ಲಿ, ಕೊನೆಯ ರೌಂಡಿಗೆ. ಎದುರಿನ ಹುಡುಗನಿಗೆ ನನಗಿಂತ 200 ಜಾಸ್ತಿ ರೇಟಿಂಗ್. ನನ್ನ ನಡೆ ಮೊದಲು, ಅವನದು ಆಮೇಲೆ: ಬಿ3 ಇ5, ಬಿಷಪ್ ಬಿ2 ಕುದುರೆ ಸಿ6, ಇ3 ಡಿ5, ಬಿಷಪ್ ಬಿ5 ಬಿಷಪ್ ಡಿ6. ಆಗ ಎಫ್4! ಸಿ6ರ ಕುದುರೆ ಪಿನ್ ಆಗಿದೆ (ಸರಿದರೆ ಹಿಂದಿನ ರಾಜನಿಗೆ ಚೆಕ್, ಅಲುಗಾಡುವಂತಿಲ್ಲ), ಇ5 ಮೇಲೆ ಒತ್ತಡ. ಅವನು ಕ್ವೀನ್ ಇ7 ಇಟ್ಟ. ನಾನು ಕುದುರೆ ಎಫ್3. ಇಪ್ಪತ್ತು ನಿಮಿಷ ಯೋಚಿಸಿ ಎಫ್6 ಆಡಿದ. ಅಲ್ಲೇ ಕೆಟ್ಟ.

ಇ5ರಲ್ಲಿ ಪಾನ್ ಬದಲಾಯಿಸಿದೆ. ಸಿ6ರ ಕುದುರೆಯನ್ನು ಬಿಷಪ್ಪಿನಿಂದ ಚೆಕ್ ಕೊಟ್ಟು ಹೊಡೆದೆ, ಅವನು ಬಿ ಪಾನಿನಿಂದ ಹೊಡೆದ. ನನ್ನ ಕುದುರೆ ಇ5 ಪಾನನ್ನು ತಿಂದಿತು. ಅವನು ಖುಷಿಯಿಂದ ಬಿಷಪ್ಪಿನಲ್ಲಿ ಕುದುರೆ ಎತ್ತಿದ. ಕ್ವೀನ್ ಎಚ್5 ಚೆಕ್! ಜಿ6 ಆಡಿದ. ಕ್ವೀನ್ ಇ5ರ ಬಿಷಪ್ಪನ್ನು ಹೊಡೆಯಿತು. ಅದೇ ಓರೆ ಸಾಲಿನಲ್ಲಿ ಎಚ್8ರ ರೂಕ್ (ಆನೆ) ನೋಡಿ, ಪಾಪ! ಕ್ವೀನ್ ಬದಲಾಯಿಸಿದರೂ ರೂಕ್ ಇಲ್ಲವೇ ಕುದುರೆ ಹೋಗಲೇಬೇಕು. ಮೂವತ್ತು ನಡೆಯೊಳಗೆ ಸೋಲೊಪ್ಪಿ ಕೈ ಕುಲುಕಿದ.

ಬಹುಮಾನ ನಾಲ್ಕು ಸಾವಿರ ಬಂತು. ಖರ್ಚು ಪೂರ್ತಿ ಹುಟ್ಟಲಿಲ್ಲ, ಆದರೆ ನಗುತ್ತಿದ್ದವರಲ್ಲಿ ಇಬ್ಬರು ಈಗ ಬಿ3 ಕಲಿಸು ಅಂತಾರೆ.

ಕುದುರೆ ಇ5ಗೆ ಬಂದಾಗ ಕಪ್ಪು ಕ್ವೀನ್ ಎಚ್4 ಚೆಕ್ ಕೊಟ್ಟರೆ ಏನು ಅಂತ ಕೇಳಬೇಡಿ. ಉತ್ತರ ಇದೆ. ಮುಂದಿನ ತಿಂಗಳು ಮೈಸೂರಿನಲ್ಲಿ ಆಡೋದಿದೆ, ಅದು ಮುಗಿದ ಮೇಲೆ ಹೇಳ್ತೀನಿ.