ಜೆರುಸಲೇಮಿನ ಶಿಲುಬೆ ಹಾದಿ: ಗುಂಪಿನಲ್ಲಿ ಹೋದಾಗ ಆ ದಿನವನ್ನು ಕಳೆಯುವುದು ಹೇಗೆ?

ಪವಿತ್ರ ನಾಡಿನ ಯಾತ್ರೆಗೆ ಹೊರಟವರೆಲ್ಲ ಕಾಯುವುದು ಜೆರುಸಲೇಮಿನ ಆ ಒಂದು ದಿನಕ್ಕೆ. ಜಾಸ್ತಿ ಅವಸರವಾಗುವುದೂ ಅದೇ ದಿನ. ಹತ್ತು ಜಾಗ ನೋಡಿ ಒಂದರಲ್ಲೂ ಮೊಣಕಾಲೂರದೆ ಬರುವುದಕ್ಕಿಂತ ಮೂರು ಜಾಗ ಸಾಕು. ನಮ್ಮ ಗುಂಪಿನ ಜೊತೆ ನಡೆದು ನಾನು ಕಲಿತ ಕ್ರಮ ಇದು.

ಹಿಂದಿನ ರಾತ್ರಿ

ಭುಜ, ಮೊಣಕಾಲು ಮುಚ್ಚುವ ಬಟ್ಟೆ ತೆಗೆದಿಡಿ. ಹಳೇ ಪಟ್ಟಣದ ಕಲ್ಲುಹಾಸು ಸವೆದು ನುಣುಪಾಗಿದೆ, ಜಾರದ ಬೂಟು ಬೇಕು. ಎಲ್ಲರನ್ನೂ ಇಬ್ಬಿಬ್ಬರ ಜೋಡಿ ಮಾಡಿ. ವಯಸ್ಸಾದವರ ಜೊತೆ ಒಬ್ಬ ಚಿಕ್ಕವರಿರಲಿ. ಹೋಟೆಲಿನ ಕಾರ್ಡು ಪ್ರತಿಯೊಬ್ಬರ ಜೇಬಿನಲ್ಲೂ ಇರಲಿ. ನಮ್ಮ ಅಂಕಲ್ ಒಬ್ಬರು ಅಂಗಡಿ ಬೀದಿಯಲ್ಲಿ ತಪ್ಪಿಸಿಕೊಂಡಾಗ ಎಲ್ಲರ ಜೀವ ಬಾಯಿಗೆ ಬಂದಿತ್ತು.

ಬೆಳಗ್ಗೆ ಐದೂವರೆಗೆ ಶಿಲುಬೆ ಹಾದಿ

ಯೇಸುವಿನ ಬದುಕು ಹೇಳುವ ಸುವಾರ್ತೆಯ ಕ್ರಮದಲ್ಲಿ ಓಲಿವ್ ಬೆಟ್ಟ ಮೊದಲು, ನಿಜ. ಆದರೂ ಯೇಸು ಶಿಲುಬೆ ಹೊತ್ತು ನಡೆದರೆಂದು ನಂಬುವ ಈ ಶಿಲುಬೆ ಹಾದಿಯಿಂದಲೇ ಶುರುಮಾಡಿ. ಈ ಹಾದಿ ಮಾರುಕಟ್ಟೆಯ ನಡುವೆ ಹೋಗುತ್ತದೆ. ಒಂಬತ್ತರ ನಂತರ ಅಲ್ಲಿ ನಿಂತು ಪ್ರಾರ್ಥಿಸಲು ಜಾಗವೇ ಸಿಗುವುದಿಲ್ಲ. ನಸುಕಿನಲ್ಲಿ ಅಂಗಡಿಗಳ ಬಾಗಿಲು ಮುಚ್ಚಿರುತ್ತವೆ, ನಿಮ್ಮ ಹೆಜ್ಜೆ ಸದ್ದು ನಿಮಗೇ ಕೇಳುತ್ತದೆ.

ಸಿಂಹ ದ್ವಾರದಿಂದ ಒಳಗೆ ಬನ್ನಿ. ಒಟ್ಟು ಹಾದಿ ಸುಮಾರು 600 ಮೀಟರ್, ನಿಂತು ಪ್ರಾರ್ಥಿಸುವ ಸ್ಥಳಗಳು 14. ಮೊದಲನೆಯದು ಒಂದು ಶಾಲೆಯ ಅಂಗಳದಲ್ಲಿದೆ, ಆ ಹೊತ್ತಿಗೆ ಅದು ತೆರೆದಿರುವುದಿಲ್ಲ. ಎದುರಿನ ರಸ್ತೆಯಲ್ಲೇ ಶುರುಮಾಡಿದರಾಯಿತು. ಮರದ ಶಿಲುಬೆಯೊಂದನ್ನು ಮೊದಲೇ ಏರ್ಪಾಟು ಮಾಡಿ, ಪ್ರತಿ ಸ್ಥಳದಲ್ಲೂ ಹೊರುವವರು ಬದಲಾಗಲಿ. ಪ್ರಾರ್ಥನೆ ಕನ್ನಡದಲ್ಲೇ ನಡೆಯಲಿ. ಪುಸ್ತಕ ಮನೆಯಿಂದಲೇ ಒಯ್ಯಿರಿ. ದನಿ ಮಾತ್ರ ಸಣ್ಣದಿರಲಿ, ಸುತ್ತ ಮನೆಗಳಲ್ಲಿ ಜನ ಮಲಗಿರುತ್ತಾರೆ.

ಐದನೇ ಸ್ಥಳದಲ್ಲಿ ಓಡಬೇಡಿ. ಸಿರೇನ್ಯದ ಸಿಮೋನ ಶಿಲುಬೆಗೆ ಹೆಗಲು ಕೊಟ್ಟ ನೆನಪಿನ ಜಾಗ ಅದು. ಹಾದಿ ಮೆಟ್ಟಿಲೇರಲು ಶುರುವಾಗುವುದೂ ಇಲ್ಲಿಂದಲೇ. ಗೋಡೆಯಲ್ಲೊಂದು ಕಲ್ಲಿದೆ. ಯೇಸು ಇಲ್ಲಿ ಕೈಯೂರಿದರು ಎಂಬ ನಂಬಿಕೆಯಿಂದ ಯಾತ್ರಿಕರು ಮುಟ್ಟಿ ಮುಟ್ಟಿ ಅದರಲ್ಲಿ ಗುಳಿ ಬಿದ್ದಿದೆ. ನಮ್ಮ ಗುಂಪಿನ ಅಜ್ಜಿಯೊಬ್ಬರು ಕೋಲನ್ನು ಮೊಮ್ಮಗನ ಕೈಗೆ ಕೊಟ್ಟು, ಬಳೆಗಳನ್ನು ಮೇಲೆ ಸರಿಸಿ, ಅಂಗೈ ಪೂರ್ತಿ ಆ ಗುಳಿಯಲ್ಲಿಟ್ಟರು. ಎಷ್ಟೋ ಹೊತ್ತು ತೆಗೆಯಲಿಲ್ಲ. ಮುಂದಿನ ಮೆಟ್ಟಿಲನ್ನೆಲ್ಲ ಕೋಲಿಲ್ಲದೆ, ಮೊಮ್ಮಗನ ಹೆಗಲು ಹಿಡಿದೇ ಹತ್ತಿದರು.

ಪವಿತ್ರ ಸಮಾಧಿ ದೇವಾಲಯ

ಕೊನೆಯ 5 ಸ್ಥಳಗಳು ಇದರೊಳಗಿವೆ. ಬಾಗಿಲು ನಸುಕಿಗೇ ತೆರೆದಿರುತ್ತದೆ. ಇದರ ಬೀಗದ ಕೈ ಶತಮಾನಗಳಿಂದ ಜೆರುಸಲೇಮಿನ ಮುಸ್ಲಿಂ ಮನೆತನದ ವಶದಲ್ಲಿದೆ. ಗ್ರೀಕ್ ಆರ್ಥೊಡಾಕ್ಸ್, ಕ್ಯಾಥೊಲಿಕ್, ಅರ್ಮೇನಿಯನ್ ಹೀಗೆ ಆರು ಸಭೆಗಳು ಇಲ್ಲಿ ಆರಾಧಿಸುತ್ತವೆ. ಬೇರೆಯವರ ಪೂಜೆ ನಡೆಯುತ್ತಿದ್ದರೆ ಸುಮ್ಮನೆ ಕಾಯಿರಿ.

ಒಳಗೆ ಬಂದ ಕೂಡಲೇ ಬಲಕ್ಕೆ ಕಡಿದಾದ ಮೆಟ್ಟಿಲಿವೆ. ಹತ್ತಿದರೆ ಗೊಲ್ಗೊಥಾ, ಯೇಸುವನ್ನು ಶಿಲುಬೆಗೇರಿಸಿದರೆಂದು ನಂಬುವ ಜಾಗ. ಪೂಜಾಪೀಠದ ಕೆಳಗೆ ಬಗ್ಗಿ, ರಂಧ್ರದೊಳಗೆ ಕೈ ಹಾಕಿದರೆ ಬಂಡೆ ಸಿಗುತ್ತದೆ. ಮೊಣಕಾಲು ನೋವಿರುವವರು ಹತ್ತಲಾಗದಿದ್ದರೆ ಬೇಸರ ಬೇಡ. ಬಾಗಿಲ ಎದುರಿನ, ಯೇಸುವಿನ ದೇಹವನ್ನು ಸಮಾಧಿಗೆ ಸಿದ್ಧಮಾಡಿದರೆಂದು ನಂಬುವ ಅಭ್ಯಂಜನದ ಕಲ್ಲಿನ ಬಳಿ ಕೂರಲಿ, ಅದಕ್ಕೆ ಜಪಮಾಲೆ ತಾಗಿಸಿಕೊಳ್ಳಲಿ. ಯೇಸುವಿನ ಸಮಾಧಿಯೊಳಗೆ ಒಮ್ಮೆಗೆ ಮೂರ್ನಾಲ್ಕು ಜನರಿಗಷ್ಟೇ ಜಾಗ. ಬಾಗಿಲು ತಗ್ಗು, ತಲೆ ಬಗ್ಗಿಸಿ. ಒಳಗೆ ಸಿಗುವುದು ಕೆಲವೇ ಕ್ಷಣ. ಅಲ್ಲಿ ಹೇಳಬೇಕಾದ ಪ್ರಾರ್ಥನೆಯನ್ನು ಸಾಲಿನಲ್ಲಿರುವಾಗಲೇ ಮನಸ್ಸಿನಲ್ಲಿ ಸಿದ್ಧಮಾಡಿಕೊಳ್ಳಿ. ಫೋಟೊಗೆ ಆ ಕ್ಷಣವನ್ನು ಕೊಟ್ಟುಬಿಡಬೇಡಿ. ಇಲ್ಲಿ ಬಲಿಪೂಜೆ ಬೇಕಿದ್ದರೆ ನಿಮ್ಮ ಫಾದರ್ ಊರಿನಿಂದಲೇ ಅಲ್ಲಿನ ಕ್ಯಾಥೊಲಿಕ್ ಸನ್ಯಾಸಿಗಳಾದ ಫ್ರಾನ್ಸಿಸ್ಕನ್ನರ ಬಳಿ ಸಮಯ ಗೊತ್ತುಮಾಡಬೇಕು.

ಮಧ್ಯಾಹ್ನದ ನಂತರ

ತಿಂಡಿ, ಊಟ ಮುಗಿಸಿ ಸ್ವಲ್ಪ ಮಲಗಿ. ಹಲವು ಚರ್ಚುಗಳು 12ರಿಂದ 2ರವರೆಗೆ ಮುಚ್ಚುತ್ತವೆ, ಓಡಾಡಿದರೆ ಬಿಸಿಲೇ ಗತಿ. ಆಮೇಲೆ ಬಸ್ಸಿನಲ್ಲಿ ಓಲಿವ್ ಬೆಟ್ಟದ ನೆತ್ತಿಗೆ ಹೋಗಿ, ನಡೆದು ಇಳಿಯಿರಿ. ಇಳಿಜಾರು ಜೋರಾಗಿದೆ. ಆಗದವರನ್ನು ಬಸ್ಸು ಕೆಳಗೆ ಬಿಡಲಿ. ಅರ್ಧ ದಾರಿಯಲ್ಲಿ, ಯೇಸು ಪಟ್ಟಣವನ್ನು ನೋಡಿ ಅತ್ತ ನೆನಪಿಗೆ 1955ರಲ್ಲಿ ಕಟ್ಟಿದ ಕಣ್ಣೀರ ಹನಿಯಾಕಾರದ ಪುಟ್ಟ ಚರ್ಚಿದೆ. ಅದರ ಕಿಟಕಿಯಿಂದ ಇಡೀ ಜೆರುಸಲೇಮ್ ಕಾಣುತ್ತದೆ.

ತಳದಲ್ಲಿ ಗೆತ್ಸೆಮನಿ, ಯೇಸು ಸೆರೆಯಾಗುವ ಮುನ್ನ ಪ್ರಾರ್ಥಿಸಿದ ತೋಟ. 8 ಹಳೇ ಓಲಿವ್ ಮರಗಳು ಬೇಲಿಯೊಳಗೆ ನಿಂತಿವೆ. ಪಕ್ಕದ ಚರ್ಚಿನ ಕಿಟಕಿಗಳು ನೇರಳೆ ಬಣ್ಣದವು. ಹೊರಗೆ ಬಿಸಿಲಿದ್ದರೂ ಒಳಗೆ ಮುಸ್ಸಂಜೆ. ಯೇಸು ಪ್ರಾರ್ಥಿಸಿದರೆಂದು ನಂಬುವ ಬಂಡೆ ಪೂಜಾಪೀಠದ ಮುಂದೆಯೇ ಇದೆ. ಇಲ್ಲಿ ಹಾಡು, ವಿವರಣೆ ಏನೂ ಬೇಡ. ಅರ್ಧ ಗಂಟೆ ಎಲ್ಲರನ್ನೂ ಅವರವರ ಪಾಡಿಗೆ ಬಿಡಿ. ಊರಿನವರು ಬರೆದುಕೊಟ್ಟ ಪ್ರಾರ್ಥನೆ ಚೀಟಿಗಳಿರುತ್ತವೆ ಅಲ್ವಾ, ಅವನ್ನು ತೆಗೆದು ಒಂದೊಂದಾಗಿ ಓದಲು ಇದೇ ಹೊತ್ತು.