ಮಳೆಗಾಲ ದಾಟಿದ ಸಿಮೆಂಟ್ ಚೀಲ: ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು

ಮೇ ತಿಂಗಳಲ್ಲಿ ಕೊಟ್ಟಿಗೆ ನೆಲಕ್ಕೆಂದು ತಂದದ್ದರಲ್ಲಿ ಐದಾರು ಚೀಲ ಉಳಿಯುತ್ತದೆ. ಮಳೆ ಹಿಡಿದ ಮೇಲೆ ಗಾರೆಯವರು ಈ ಕಡೆ ತಲೆ ಹಾಕುವುದಿಲ್ಲ. ದೀಪಾವಳಿ ಕಳೆದು ಚೀಲ ಎತ್ತಲು ಹೋದರೆ ಕಲ್ಲುಗುಂಡು ತಬ್ಬಿದ ಹಾಗಿರುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಇದು ಪ್ರತಿ ಮನೆಯ ಕಥೆ. 'ಒಂದು ಹನಿಯೂ ಬಿದ್ದಿಲ್ಲ ಮಾರಾಯ್ರೆ' ಅನ್ನುತ್ತಾರೆ. ಹನಿಯೇ ಬೀಳಬೇಕೆಂದಿಲ್ಲ, ಜುಲೈ ತಿಂಗಳ ನಮ್ಮ ಗಾಳಿಯಲ್ಲಿರುವ ತೇವವೇ ಸಾಕು.

ಮೊದಲು, ಇಡುವ ಜಾಗ. ಕೊಟ್ಟಿಗೆ ಬೇಡ. ಹಂಡೆ ಒಲೆಯ ಬಿಸಿ ಇದೆಯೆಂದು ಬಚ್ಚಲುಮನೆ ಗೋಡೆಗೆ ಒತ್ತಿ ಇಡುವವರಿದ್ದಾರೆ, ಅದಂತೂ ಬೇಡವೇ ಬೇಡ, ಅಲ್ಲಿರುವುದು ಬಿಸಿಗಿಂತ ಹೆಚ್ಚು ಹಬೆ. ಬಾಗಿಲು ಹಾಕಿಡಬಹುದಾದ ಕೋಣೆಯಲ್ಲಿ ಒಣಗಿದ ಅಡಿಕೆ ದಬ್ಬೆಯನ್ನೋ ಹಲಗೆಯನ್ನೋ ಇಟ್ಟಿಗೆ ಮೇಲೆ ಹಾಸಿ, ನೆಲದಿಂದ ಅರ್ಧ ಅಡಿ ಎತ್ತರಕ್ಕೆ. ಗೋಡೆಯಿಂದ ಒಂದು ಅಡಿಯಾದರೂ ದೂರ. ಚೀಲಗಳ ನಡುವೆ ಸಂದು ಬಿಡದೆ ಒತ್ತಾಗಿ ಪೇರಿಸಿ, ಹತ್ತರ ಮೇಲೆ ಹನ್ನೊಂದನೆಯದು ಬೇಡ. ಅಡಿಗೂ ಮೇಲಕ್ಕೂ ಒಂದೇ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿ. ಸಂತೆಯಲ್ಲಿ ಸಿಗುವ ತೆಳು ನೀಲಿ ಟಾರ್ಪಾಲಿಗೆ ಎರಡೇ ತಿಂಗಳಲ್ಲಿ ಸೂಜಿಗಣ್ಣು ಬೀಳುತ್ತದೆ, ಆ ದುಡ್ಡು ದಂಡ. ಯೂರಿಯಾದ ಖಾಲಿ ಚೀಲ ಹೊದಿಸುವುದಂತೂ ಸಮಾಧಾನಕ್ಕೆ ಮಾತ್ರ.

ಚೀಲದ ಮೇಲೆ ತಯಾರಾದ ವಾರ, ಇಸವಿ ಅಚ್ಚಾಗಿರುತ್ತದೆ. ಕೊಳ್ಳುವಾಗಲೇ ನೋಡಿ. ನಾನು ಒಮ್ಮೆ ನೋಡದೆ ಹೊತ್ತು ತಂದ ನಾಲ್ಕು ಚೀಲ ಅಂಗಡಿಯಲ್ಲೇ ಐದು ತಿಂಗಳು ಕಳೆದಿದ್ದವು. ಮೂರು ತಿಂಗಳಿಗೆ ಐದರಲ್ಲೊಂದು ಪಾಲು, ಒಂದು ವರ್ಷಕ್ಕೆ ನೂರಕ್ಕೆ 40ರಷ್ಟು ಬಲ ಹೋಗುತ್ತದೆ ಎಂಬುದು ಕಟ್ಟಡದವರ ಅಂದಾಜು. ಮಲೆನಾಡಿನಲ್ಲಿ ಅದಕ್ಕಿಂತ ಬೇಗ ಎಂದೇ ಇಟ್ಟುಕೊಳ್ಳಿ.

ಈಗ ಎಲ್ಲರೂ ಎಡವುವ ಜಾಗ. ಗಟ್ಟಿಯಾದ ಚೀಲಗಳಲ್ಲಿ ಎರಡು ಜಾತಿ. ಮೇಲಿನ ಚೀಲಗಳ ಭಾರಕ್ಕೆ ಒತ್ತಿ ಕೂತದ್ದು ಒಂದು. ಅದನ್ನು ನೆಲದ ಮೇಲೆ ನಾಲ್ಕು ಸಲ ಉರುಳಿಸಿದರೆ ಸಡಿಲವಾಗುತ್ತದೆ, ಕೆಟ್ಟಿಲ್ಲ. ಇನ್ನೊಂದು ತೇವ ಕುಡಿದು ಒಳಗೇ ಗಟ್ಟಿಯಾದದ್ದು. ಚೀಲ ಬಿಚ್ಚಿ, ಮೂಲೆಯಿಂದೊಂದು, ನಡುವಿನಿಂದೊಂದು ಉಂಡೆ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿ. ರಾಗಿ ಹಿಟ್ಟಿನ ಗಂಟಿನಂತೆ ಪುಡಿಯಾಗಿ ಬೆರಳಿಗೆ ನುಣ್ಣಗೆ ಹತ್ತಿದರೆ ಜೀವ ಇದೆ. ಒಡೆದರೂ ಒಳಗೆ ಮರಳಿನ ಹಾಗೆ ಚುಚ್ಚಿದರೆ, ಉಗುರಿಗೆ ಜಗ್ಗದಿದ್ದರೆ, ಅದು ಸತ್ತಿದೆ. ಈ ಸತ್ತದ್ದನ್ನೇ ನಮ್ಮವರು ಸುತ್ತಿಗೆಯಲ್ಲಿ ಜಜ್ಜಿ, ಬಿಸಿಲಿಗೆ ಹರಡಿ, ಮತ್ತೆ ಬೆರೆಸುತ್ತಾರೆ! ಒಮ್ಮೆ ನೀರಿನ ಜೊತೆ ಸೇರಿದ ಸಿಮೆಂಟನ್ನು ಬಿಸಿಲು ವಾಪಸು ತರುವುದಿಲ್ಲ. ಜಜ್ಜಿದರೆ ಸಿಗುವುದು ದುಬಾರಿ ಮಣ್ಣು.

ಉಳಿದ ಪುಡಿಯನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಿಟ್ಟಿನ ಜರಡಿಯಷ್ಟು ಸಣ್ಣ ಕಣ್ಣಿನದರಲ್ಲಿ ಜರಡಿ ಹಿಡಿಯಿರಿ. ಮರಳಿನ ಜರಡಿ ಸಾಲದು. ಆಮೇಲೆ ಒಂದು ಹಿಡಿ ಪುಡಿಯನ್ನು ಗಟ್ಟಿಯಾಗಿ ಕಲಸಿ ಗಾಜಿನ ತುಂಡಿನ ಮೇಲೆ ಅಂಗೈ ಅಗಲದ ರೊಟ್ಟಿ ತಟ್ಟಿ. ಅಂಚು ತೆಳ್ಳಗಿರಲಿ. ಪಕ್ಕದಲ್ಲೇ ಹೊಸ ಚೀಲದ್ದೊಂದು. ಎರಡಕ್ಕೂ ಒದ್ದೆ ಗೋಣಿ ಮುಚ್ಚಿ, ಮರುದಿನ ನೀರಿನಲ್ಲಿ ಮುಳುಗಿಸಿ, ಮತ್ತೊಂದು ದಿನ ಬಿಡಿ. ಅಂಚು ಉದುರಿದರೆ, ಉಗುರಿಗೆ ಗೀರಿದರೆ ಆ ಚೀಲದ ಆಸೆ ಬಿಡಿ. ಗಟ್ಟಿ ನಿಂತರೂ ಅದು ಹೊಸದರಷ್ಟು ಬಲ ಎಂದರ್ಥವಲ್ಲ, ಸತ್ತಿಲ್ಲ ಎಂದಷ್ಟೇ.

ಪರೀಕ್ಷೆ ದಾಟಿದ್ದನ್ನು ಬೇಲಿ ಕಂಬದ ಬುಡಕ್ಕೆ, ಅಂಗಳದ ಚಪ್ಪಡಿ ಸಂದಿಗೆ, ಗೊಬ್ಬರ ಗುಂಡಿಯ ಕಟ್ಟೆಗೆ ಬಳಸಿ. ಮನೆಯ ಕಂಬ, ಲಿಂಟೆಲ್, ತಾರಸಿ, ನೀರಿನ ತೊಟ್ಟಿಗೆ ಒಂದು ಬುಟ್ಟಿಯೂ ಬೇಡ, ಮೇಸ್ತ್ರಿ ಎಷ್ಟೇ ಧೈರ್ಯ ಹೇಳಲಿ. 'ಎರಡು ಬುಟ್ಟಿ ಜಾಸ್ತಿ ಹಾಕಿದರಾಯ್ತು' ಎಂಬ ಲೆಕ್ಕವೂ ನನಗೆ ಒಪ್ಪಿಗೆಯಿಲ್ಲ. ಸಿಮೆಂಟ್ ಜಾಸ್ತಿ ಹಾಕಿದ ಗಿಲಾಯಿ, ಅಂದರೆ ಗೋಡೆಯ ಸಾರಣೆ, ಬೇಸಿಗೆಯಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ.

ಜರಡಿಯಲ್ಲಿ ಉಳಿದ ಗಟ್ಟಿ ಉಂಡೆಗಳನ್ನು ತೋಟದ ದಾರಿಯ ಕೆಸರು ಗುಂಡಿಗೆ ಸುರಿದುಬಿಡಿ, ಜಲ್ಲಿಯ ಬದಲಿಗೆ ಬಂತು.