480 ಚದರಡಿಯಲ್ಲಿ ಅತ್ತೆಯ ಮೂರು ಟ್ರಂಕು

ಮೈಸೂರಿನ ಅಗ್ರಹಾರದ ಮನೆ ಮಾರಿದ ಮೇಲೆ ಅತ್ತೆ ನಮ್ಮಲ್ಲಿಗೆ ಬಂದರು. ಅವರ ಹಿಂದೆಯೇ ಒಂದು ಟೆಂಪೋ: ಒಂದೇ ಅಳತೆಯ ಮೂರು ತಗಡಿನ ಟ್ರಂಕು, ತಾಮ್ರದ ಕೊಪ್ಪರಿಗೆ, ಹಿತ್ತಾಳೆ ಹರಿವಾಣಗಳು, ಮಣೆಗಳು, ಬೀಸುಕಲ್ಲು. ನಮ್ಮದು ಹನುಮಂತನಗರದಲ್ಲಿ ಬಾಡಿಗೆ ಮನೆ. ಒಂದು ರೂಮು, ಹಾಲು, ಅಡುಗೆಮನೆ, ಎಲ್ಲ ಸೇರಿ 480 ಚದರಡಿ. ಸೇರುವಾಗಲೇ ಓನರ್ ಆಂಟಿ ಹೇಳಿಬಿಟ್ಟಿದ್ದರು, “ಗೋಡೆಗೆ ಮಾತ್ರ ಮೊಳೆ ಹೊಡೀಬೇಡಿಮ್ಮ.”

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮೊದಲು ಮಾಡಿದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಗಳನ್ನು ತಂದೆ, ಒಟ್ಟು ಹನ್ನೊಂದು. ಹದಿನೈದು ದಿನದಲ್ಲಿ ಆ ಡಬ್ಬಗಳನ್ನೇ ಎಲ್ಲಿಡುವುದು ಅನ್ನೋ ಹೊಸ ತಲೆನೋವು ಶುರುವಾಯಿತು.

ದಾರಿ ತೋರಿಸಿದ್ದು ಅತ್ತೆ. ನಾನು ಸಾಮಾನನ್ನು ಪಾತ್ರೆ, ಬಟ್ಟೆ, ಪುಸ್ತಕ ಅಂತ ಬೇರೆ ಮಾಡುತ್ತಾ ಕೂತಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಇದು ವರ್ಷಕ್ಕೆ ಎಷ್ಟು ಸಲ ಬೇಕಾಗುತ್ತೆ ಹೇಳು?” ಅವರ ಹಳೆಯ ಮನೆಯಲ್ಲಿ ದಿನಾ ಬೇಕಾದದ್ದು ಗೋಡೆಯ ಗೂಡಿನಲ್ಲಿ, ಆಗಾಗ ಬೇಕಾದದ್ದು ನಾಗಂದಿಗೆಯ ಮೇಲೆ, ವರ್ಷಕ್ಕೊಮ್ಮೆ ಇಳಿಯುವುದು ಅಟ್ಟದಲ್ಲಿ ಇರುತ್ತಿತ್ತಂತೆ. ಅಲ್ಲಿಂದ ಮುಂದೆ ನಮ್ಮ ಲೆಕ್ಕವೂ ಅದೇ ಆಯಿತು.

ನಮಗೆ ಅಟ್ಟವಿಲ್ಲ, ಸಜ್ಜೆ ಇದೆ. ಬಾಗಿಲಿನ ಮಟ್ಟದಲ್ಲಿ, 7 ಅಡಿ ಎತ್ತರಕ್ಕೆ, 2 ಅಡಿ ಅಗಲ. ಸಜ್ಜೆಯ ದೊಡ್ಡ ತೊಂದರೆ ಹಿಂದಿನ ಸಾಲು. ಅಲ್ಲಿಗೆ ಹೋದ ವಸ್ತು ಮನೆ ಖಾಲಿ ಮಾಡುವ ದಿನವೇ ಕಣ್ಣಿಗೆ ಬೀಳುವುದು. ಹಿಂದಿನ ಪ್ರತಿ ಪೆಟ್ಟಿಗೆಯ ಹಿಡಿಗೂ ಒಂದು ನೂಲು ಹಗ್ಗ ಕಟ್ಟಿ, ತುದಿಯನ್ನು ಮುಂದೆ ಇಳಿಬಿಟ್ಟು, ಅದಕ್ಕೊಂದು ರಟ್ಟಿನ ಚೀಟಿ ಕಟ್ಟಿದೆ. ಈಗ ಮುಂದಿನದನ್ನು ಪಕ್ಕಕ್ಕೆ ಸರಿಸಿ ಹಗ್ಗ ಎಳೆದರೆ ಸಾಕು. ಯಾವುದು ಎಲ್ಲಿದೆ ಎಂದು ಗೋಡೆ ಕ್ಯಾಲೆಂಡರಿನಲ್ಲೇ ಬರೆದಿಟ್ಟಿದ್ದೇನೆ. ಗಣೇಶನ ಹಬ್ಬದ ಪುಟದಲ್ಲಿ “ಮಂಟಪ, ಸಜ್ಜೆ, ಎಡಗಡೆ” ಅಂತಿರುತ್ತೆ.

ಟ್ರಂಕುಗಳಲ್ಲಿದ್ದದ್ದು ದಸರಾ ಗೊಂಬೆಗಳು. ವರ್ಷಕ್ಕೊಮ್ಮೆಯ ಸಾಮಾನು ತಾನೇ ಎಂದು ಗೊಂಬೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಸಜ್ಜೆಗೇರಿಸಿದೆ. ಆ ಮಳೆಗಾಲ ಪಶ್ಚಿಮದ ಗೋಡೆ ತೇವ ಹಿಡಿಯಿತು. ಪೆಟ್ಟಿಗೆ ಬಿಚ್ಚಿದಾಗ ಪಟ್ಟದ ರಾಜನ ಪೇಟದ ಮೇಲೆ ಬೂಷ್ಟು! ಮರದ್ದಾದ್ದರಿಂದ ಒಣಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಿ ಉಳಿಸಿಕೊಂಡೆವು. ಎರಡು ಮಣ್ಣಿನ ಗೊಂಬೆ ಉಳಿಯಲಿಲ್ಲ. ಅತ್ತೆ ಏನೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು.

ಗೊಂಬೆಗಳು ಮತ್ತೆ ಟ್ರಂಕಿಗೇ ಬಂದವು, ಟ್ರಂಕುಗಳು ಮಂಚದ ಕೆಳಗೆ. ಆದರೆ ಮಂಚದಡಿ ಇದ್ದದ್ದು 12 ಇಂಚು, ಟ್ರಂಕು 15. ಸಾಮಿಲ್‌ನಿಂದ 4 ಇಂಚಿನ ನಾಲ್ಕು ಮರದ ಗುಟ್ಟ ತಂದು ಮಂಚದ ಕಾಲಿಗೆ ಕೊಟ್ಟೆವು. ಕಾಲು ಜಾರದಂತೆ ಗುಟ್ಟದ ಮೇಲೆ ಅರ್ಧ ಇಂಚು ಗುಳಿ ತೆಗೆಸಿದ್ದರಿಂದ ಮಂಚ ಏರಿದ್ದು ಮೂರೂವರೆ ಇಂಚು. ಗುಳಿ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ, ಮಕ್ಕಳು ಹತ್ತಿ ಕುಣಿದರೆ ಮಂಚ ಇಳಿದುಬಿಡುತ್ತೆ. ದಸರೆಗೆ ಇದೇ ಟ್ರಂಕುಗಳು ಗೊಂಬೆ ಕೂರಿಸುವ ಮೆಟ್ಟಿಲು: ಹಿಂದೆ ಒಂದರ ಮೇಲೊಂದು ಎರಡು, ಅದರ ಮುಂದೆ ಒಂದು, ಕೆಳಗೆ ಸಾಲಾಗಿ ಮಣೆಗಳು. ಮೇಲೆ ಬಿಳಿ ಪಂಚೆ ಹಾಸಿದರೆ ಮೂರು ಹಂತ. ಬೆಸ ಸಂಖ್ಯೆಯೇ ಆಗಬೇಕಲ್ಲ, ಅದೂ ಸರಿಹೋಯಿತು. ಮೆಟ್ಟಿಲಿಗೆಂದು ಬೇರೆ ಹಲಗೆ, ಸ್ಟ್ಯಾಂಡು ಇಡುವ ಗೋಜೇ ಇಲ್ಲ.

ಮಂಚದಡಿ ಮೊದಲಿದ್ದ ಕಂಬಳಿ, ಹೊದಿಕೆಗಳು? ಸುತ್ತಿ ಲೋಡಿನ ಕವರಿಗೆ ತುಂಬಿದೆ. ಹಾಲಿನ ದಿವಾನದ ಮೇಲಿರುವ ಎರಡು ಲೋಡಿನಲ್ಲಿ ಹತ್ತಿಯೇ ಇಲ್ಲ. ನೆಂಟರು ಹಗಲು ಒರಗುವುದೂ ರಾತ್ರಿ ಹೊದೆಯುವುದೂ ಅದನ್ನೇ.

ಅಡುಗೆಮನೆಯಲ್ಲಿ ಕಟ್ಟೆಯ ಕೆಳಗಿನ ಕಡಪ ಕಲ್ಲಿನ ಗೂಡು 2 ಅಡಿ ಆಳ. ಹಿಂದಿನ ಡಬ್ಬಿ ಬೇಕೆಂದರೆ ಅರ್ಧ ಅಡುಗೆಮನೆ ಹೊರಗೆ ಬರಬೇಕಿತ್ತು. ಮಗನ ಗೋಲಿಗಳು ಇಲ್ಲಿ ಉಪಯೋಗಕ್ಕೆ ಬಂದವು. ಅಂಚಿರುವ ಒಂದು ಹರಿವಾಣದಲ್ಲಿ ಒಂದೇ ಗಾತ್ರದ ಗೋಲಿಗಳನ್ನು ಹರಡಿ, ಅದರೊಳಗೆ ಕೂರುವಂಥ ಸ್ವಲ್ಪ ಚಿಕ್ಕ ತಟ್ಟೆ ಇಟ್ಟು, ಮೇಲೆ ಬೇಳೆ ಡಬ್ಬಿಗಳನ್ನು ಜೋಡಿಸಿದೆ. ಬೆರಳಲ್ಲಿ ತಳ್ಳಿದರೆ ಸುತ್ತುತ್ತೆ, ಹಿಂದಿನದು ಮುಂದೆ. ತಟ್ಟೆಯ ತಳ ಚಪ್ಪಟೆಯಾಗಿರಬೇಕು, ಅಷ್ಟೇ. ಅತ್ತೆ ಇದಕ್ಕೆ ತಿರುಗಣಿ ಅಂತ ಹೆಸರಿಟ್ಟರು, ನಾನು ಗೋಲಿ ಕೇಳಿದ್ದಕ್ಕೆ ಮಗ ಒಂದು ವಾರ ಮಾತು ಬಿಟ್ಟ.

ಈರುಳ್ಳಿಗೆ ನೆಲುವು. ಬೆಕ್ಕಿಗೆ ಸಿಗದಂತೆ ಹಾಲು ಮೊಸರು ತೂಗುಹಾಕುತ್ತಿದ್ದ ಹಗ್ಗದ ನೆಲುವನ್ನು ಅತ್ತೆ ತಾವೇ ಹೆಣೆದರು. ತಾರಸಿಯಲ್ಲಿ ಮೊದಲೇ ಇದ್ದ ಕೊಂಡಿಗೆ ತೂಗಿಸಿದ್ದರಿಂದ ಮೊಳೆಯ ಮಾತೇ ಬರಲಿಲ್ಲ. ಗಾಳಿಯಾಡಿ ಈರುಳ್ಳಿ ಕೊಳೆಯುವುದೂ ಕಡಿಮೆಯಾಗಿದೆ. ಸೌಟು, ಜರಡಿ, ತುರಿಯೋ ಮಣೆಗಳಿಗೆ ಕಿಟಕಿ ಕಂಬಿಯೇ ಗೋಡೆ.

ಎಡವಿದ್ದು ಫ್ರಿಜ್ ಪಕ್ಕದ 5 ಇಂಚಿನ ಸಂದಿಯಲ್ಲಿ. ಚಕ್ರವಿರುವ ಕಿರಿದಾದ ರ‍್ಯಾಕ್ ಮಾಡಿಸಿ ಬೆಲ್ಲ, ಎಣ್ಣೆ, ಹುಣಸೆಹಣ್ಣು ಇಟ್ಟೆ. ನಮ್ಮ ಫ್ರಿಜ್ ಬಿಸಿ ಬಿಡುವುದು ಪಕ್ಕದ ಮೈಯಿಂದ ಅಂತ ಗೊತ್ತಾಗಿದ್ದು, ಬೆಲ್ಲ ಬೆವತು ಡಬ್ಬಿಯ ತಳದಲ್ಲಿ ಪಾಕವಾಗಿ ನಿಂತಾಗ. ಆ ಸಂದಿ ಈಗ ಖಾಲಿ. ಖಾಲಿ ಇರಬೇಕಾದ ಜಾಗವೇ ಅದು. ರ‍್ಯಾಕ್ ಬಚ್ಚಲಿನ ಹೊರಗೆ ಸೋಪು, ಬ್ರಷ್ಷಿಗೆ ಹೋಯಿತು.

ಕೊಪ್ಪರಿಗೆಯಲ್ಲಿ 25 ಕೆ.ಜಿ. ಅಕ್ಕಿಮೂಟೆ ಕೂತಿದೆ, ಮೇಲೊಂದು ಮಣೆ ಮುಚ್ಚಿದರೆ ಕೂರಲು ಆಗುತ್ತೆ. ಬೀಸುಕಲ್ಲಿಗೆ ಮಾತ್ರ ಜಾಗ ಸಿಕ್ಕಿಲ್ಲ. ಗಾಳಿಗೆ ಬಡಿಯದಂತೆ ಬಾಲ್ಕನಿ ಬಾಗಿಲಿಗೆ ಒತ್ತಿಟ್ಟಿದ್ದೇವೆ. “ಅದಕ್ಕೂ ಕೆಲಸ ಸಿಕ್ತು ನೋಡು” ಅನ್ನುತ್ತಾರೆ ಅತ್ತೆ. ದಿನಾ ಕಸ ಗುಡಿಸುವಾಗ ನನ್ನ ಕಾಲಿನ ಕಿರುಬೆರಳು ಅದಕ್ಕೆ ತಾಗುತ್ತೆ.